ಮೇರಿ ತಂದ ಎರಡು ಡಬ್ಬಿ

ನಮ್ಮ ವಠಾರದ ಮೇರಿ, ಪೀಣ್ಯದ ಗಾರ್ಮೆಂಟ್ಸಲ್ಲೂ ನನ್ ಪಕ್ಕದ್ ಮಿಷನ್ನೇ. ಗಂಡ ಲಾರಿಗೆ ಸಿಕ್ಕಿ ಸತ್ಮೇಲೆ ಅವತ್ತೇ ಮೊದಲ್ನೇ ಸಲ ಕೆಲ್ಸಕ್ಕೆ ಬಂದಿದ್ಲು. ಊಟದ ಹೊತ್ತಲ್ಲಿ ಡಬ್ಬಿ ಮುಂದೆ ಕಣ್ಮುಚ್ಚಿ, "ಸ್ತೋತ್ರ ಸ್ವಾಮಿ" ಅಂತ ದೇವ್ರಿಗೆ ವಂದನೆ ಹೇಳಿದ್ಲು. ನನ್ ಬಾಯಿ ಸುಮ್ನಿರುತ್ತಾ?

"ಯಾತಕ್ಕೆ ಸ್ತೋತ್ರ? ಗಂಡನ್ನ ಕಿತ್ಕೊಂಡಿದ್ದಕ್ಕಾ?" ಅಂದೆ.

"ಯಾಕೆ ಕರ್ಕೊಂಡೆ ಅಂತ ದಿನಾ ಕೇಳ್ತೀನಿ ಕಣಕ್ಕ, ಹೇಳಲ್ಲ. ಹಂಗಂತ ಅವನ ಕೈ ಬಿಟ್ರೆ ಇನ್ಯಾರ ಕೈ ಹಿಡ್ಕೊಳ್ಲಿ?" ಅಂತ ಬ್ಯಾಗಿಂದ ಇನ್ನೊಂದು ಡಬ್ಬಿ ತೆಗೆದ್ಲು. ಗಂಡಂದು. "ಬೆಳಿಗ್ಗೆ ಅಭ್ಯಾಸಕ್ಕೆ ಇದನ್ನೂ ಕಟ್ಬಿಟ್ಟಿದೀನಿ. ನೀನೇ ತಿನ್ನು."

ಒಂದಗುಳೂ ಬಿಡ್ದೆ ತಿಂದೆ. ಕಣ್ಣಲ್ಲಿ ಯಾಕೆ ನೀರು ಅಂತ ಸೂಪರ್‌ವೈಸರ್ ಕೇಳ್ದಾಗ, ಚಿತ್ರಾನ್ನ ಖಾರ ಅಂದೆ. ಪುಣ್ಯಕ್ಕೆ, ಮೇರಿ ಗಂಡಂಗೆ ಖಾರಾನೇ ಆಗ್ತಿರ್ಲಿಲ್ಲ ಅನ್ನೋದು ನಮ್ ವಠಾರ ಬಿಟ್ರೆ ಯಾರಿಗೂ ಗೊತ್ತಿಲ್ಲ.