ಝಾರಸುಗುಡಕ್ಕೆ ಒಂದೂವರೆ ತಾಸು

ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅನ್ನುತ್ತಾರೆ. ಜೇವರ್ಗಿಯ ಶ್ರೀಮಂತ ಎಂಬ ಹೆಸರಿನವನು ಹೆಣ್ಣು ಗಂಡು ಕೂಡಿಸುವ ಕೆಲಸಕ್ಕಿಳಿದು ಇಪ್ಪತ್ತು ವರ್ಷವಾಯಿತು. ಅಷ್ಟೊಂದು ಸುಳ್ಳು ಅವನಿಗೆ ಎಂದೂ ಬೇಕಾಗಲಿಲ್ಲ. ಗಂಡಿನ ವಯಸ್ಸು, ಹೊಲದ ಎಕರೆ ಎಲ್ಲವನ್ನೂ ಇದ್ದ ಹಾಗೆಯೇ ಹೇಳುತ್ತಿದ್ದ. ಕಡಿಮೆ ಮಾಡುತ್ತಿದ್ದದ್ದು ದೂರವನ್ನು ಮಾತ್ರ. ಹೆಣ್ಣು ಹೆತ್ತವರು ಮೊದಲು ಕೇಳುವುದೂ ಅದನ್ನೇ: ಮಗಳಿಗೆ ಜ್ವರ ಬಂದರೆ ನಾನು ಎಷ್ಟು ತಾಸಿಗೆ ಮುಟ್ಟುತ್ತೇನೆ?

ಆಳಂದಕ್ಕೋ ಅಫಜಲಪುರಕ್ಕೋ ಹೆಣ್ಣು ಕೊಡುವ ಕಾಲದಲ್ಲಿ ಬಸ್ಸಿನ ತಾಸು ಸಾಕಾಗುತ್ತಿತ್ತು. ಕಲಬುರಗಿಗೆ ವಿಮಾನ ನಿಲ್ದಾಣ ಬಂದ ಮೇಲೆ ಶ್ರೀಮಂತನಿಗೂ ರೆಕ್ಕೆ ಬಂತು. ಯಾವುದೇ ಎರಡು ನಿಲ್ದಾಣಗಳ ಹೆಸರು ಒತ್ತಿದರೆ ನಡುವಿನ ದೂರವನ್ನೂ ಹಾರುವ ಸಮಯವನ್ನೂ ತೋರಿಸುವ ಪುಟವೊಂದು ಮೊಬೈಲಿನಲ್ಲಿ ಸಿಕ್ಕಿತು. ನಕಾಶೆಯ ಮೇಲೆ ನೆಟ್ಟಗೆ ಒಂದು ಗೆರೆ. ಕೆಳಗೆ ಸಣ್ಣ ಅಕ್ಷರದಲ್ಲಿ, ಇವೆರಡರ ನಡುವೆ ನೇರ ವಿಮಾನವಿಲ್ಲ ಎಂದಿರುತ್ತಿತ್ತು. ಮೊಬೈಲು ಹಿಡಿದು ತೋರಿಸುವಾಗ ಅವನ ಹೆಬ್ಬೆರಳು ಆ ಸಾಲಿನ ಮೇಲೆಯೇ ಕೂರುತ್ತಿತ್ತು. ಬೆರಳಿಗೂ ಎಲ್ಲಾದರೂ ಜಾಗ ಬೇಕಲ್ಲ.

ಅದೇ ಊರಿನ ಸಾಬಮ್ಮನ ಮಗಳು ಭುವನೇಶ್ವರಿಗೆ ಒಡಿಶಾದ ಝಾರಸುಗುಡ ಗಂಟುಬಿದ್ದದ್ದು ಹೀಗೆ. ಹುಡುಗ ಅಲ್ಲಿಯ ಕಾರ್ಖಾನೆಯಲ್ಲಿ ವೆಲ್ಡರ್, ಕುಡಿತವಿಲ್ಲ, ಸಂಭಾವಿತ.

"ಒಂದೂವರಿ ತಾಸ ನೋಡ್ರಿ ಯಕ್ಕಾ," ಅಂದಿದ್ದ ಶ್ರೀಮಂತ. "ನಮ್ಮ ಭೂಸನೂರಿಗೆ ಹೋಗಾಕ ಇದಕ್ಕಿಂತ ಹೆಚ್ಚ ಹಿಡೀತದ."

ಮದುವೆ ಜೇವರ್ಗಿಯಲ್ಲೇ ಆಯಿತು. ಗಂಡನ ಜೊತೆ ಹೋದ ಭುವನೇಶ್ವರಿ, ತಾಯಿ ಕೊರಗಬಾರದೆಂದು ದಾರಿಯ ಉದ್ದ ಹೇಳಲೇ ಇಲ್ಲ. ಬಸಿರಾದಳು. ಏಳನೇ ತಿಂಗಳಲ್ಲಿ ಕರೆತಂದು ತವರಲ್ಲೇ ಬಾಣಂತನ ಮಾಡುವುದೆಂದು ಸಾಬಮ್ಮ ಎಣಿಸಿದ್ದಳು. ಆದರೆ ಬಸಿರಿ ಪ್ರಯಾಣ ಮಾಡಬಾರದೆಂದು ಅಲ್ಲಿಯ ಡಾಕ್ಟರು ಅಂದರು. ಮಗಳು ಬರದಿದ್ದರೆ ತಾಯಿಯೇ ಹೋಗಬೇಕು. ಹೆರಿಗೆಗೆ ಎರಡೇ ದಿನ ಉಳಿದಿದೆ ಎಂದು ಫೋನು ಬಂದಾಗ ಸಾಬಮ್ಮ ಗಾಬರಿಯಾಗಲಿಲ್ಲ. ಖಟಕ ರೊಟ್ಟಿ, ಶೇಂಗಾ ಹಿಂಡಿ, ಬಾಣಂತಿಗೆ ಕೊಡುವ ಅಳವಿ ಕಾಳು ತುಂಬಿದ ಚೀಲ ಹೊತ್ತು ಶ್ರೀಮಂತನ ಬಾಗಿಲಿಗೆ ಬಂದಳು.

"ದಾರಿ ತೋರಸಾಕ ನೀವೂ ಬರ್ರಿ. ಒಂದೂವರಿ ತಾಸಿನ ಕೆಲಸ."

ಅದೇ ಪುಟ ನೋಡಿ ಮಗಳನ್ನು ಕೊಟ್ಟ ಇನ್ನಿಬ್ಬರು ತಾಯಂದಿರು ಓಣಿಯಲ್ಲಿ ನಿಂತು ನೋಡುತ್ತಿದ್ದರು. ಶ್ರೀಮಂತ ಚಪ್ಪಲಿ ಮೆಟ್ಟಿದ.

ನಿಲ್ದಾಣದ ಗೇಟಿನಲ್ಲಿ ಕಾವಲಿನವನು ತಲೆಯಾಡಿಸಿದ. "ಅಲ್ಲಿಗೆ ಇಲ್ಲಿಂದ ವಿಮಾನ ಇಲ್ರಿ." ಸಾಬಮ್ಮ ಶ್ರೀಮಂತನ ಕೈಯಿಂದ ಮೊಬೈಲು ಕಿತ್ತು ಕಾವಲಿನವನ ಮುಂದೆ ಹಿಡಿದಳು. ಅವನು ಗಟ್ಟಿಯಾಗಿ ಓದುತ್ತಾ ಹೋದ, ಸಣ್ಣ ಅಕ್ಷರದ ಸಾಲನ್ನೂ ಬಿಡಲಿಲ್ಲ. ಸಾಬಮ್ಮ ಮೊಬೈಲನ್ನು ಶ್ರೀಮಂತನ ಕೈಗೆ ವಾಪಸು ಕೊಟ್ಟು ರೈಲು ಸ್ಟೇಷನ್ನಿನ ದಾರಿ ಹಿಡಿದಳು. ಬೈದಿದ್ದರೆ ಚೆನ್ನಾಗಿತ್ತು ಅನ್ನಿಸಿತು ಶ್ರೀಮಂತನಿಗೆ. ಇಪ್ಪತ್ತು ವರ್ಷದಲ್ಲಿ ಮೊದಲ ಸಲ ಅವನಿಗೆ ನಾಚಿಕೆಯಾಯಿತು.

ಮೂರು ರೈಲು, ಎರಡೂವರೆ ದಿನ. ಚೀಲ ಹೊತ್ತವನು ಶ್ರೀಮಂತ. ಪ್ರತಿ ಸ್ಟೇಷನ್ನಿನಲ್ಲೂ ಸಾಬಮ್ಮ ಕೇಳುತ್ತಿದ್ದಳು: "ಇನ್ನ ಎಷ್ಟ ಒಂದೂವರಿ ತಾಸ ಉಳದಾವ್ರಿ?"

ಅವರು ಮುಟ್ಟುವಷ್ಟರಲ್ಲಿ ಹೆರಿಗೆಯಾಗಿ ಒಂದು ದಿನ ಕಳೆದಿತ್ತು. ನೋವು ತಿನ್ನುವಾಗ ಭುವನೇಶ್ವರಿಯ ಕೈ ಹಿಡಿದದ್ದು ಭಾಷೆಯೂ ತಿಳಿಯದ ಪಕ್ಕದ ಮನೆಯ ಹೆಂಗಸು. ತಾಯಿಯನ್ನು ಕಂಡದ್ದೇ ಮಗಳು ಗೋಡೆಯ ಕಡೆ ಮುಖ ತಿರುಗಿಸಿ ಅತ್ತಳು. ಸಾಬಮ್ಮ ಮಗಳ ತಲೆ ಸವರಿ, ಕೂಸನ್ನು ಎತ್ತಿ ತಂದು ಶ್ರೀಮಂತನ ತೊಡೆಯ ಮೇಲೆ ಮಲಗಿಸಿದಳು.

"ಹೆಣ್ಣ ಕೂಸ. ಇದಕ್ಕೂ ಗಂಡ ನೀವ ಹುಡಕ್ರಿ. ಖರೆ, ಮೊದಲ ಆ ಊರಿಗೆ ನಡಕೋತ ಹೋಗಿ ಬರ್ರಿ. ಆಮ್ಯಾಲ ನನಗ ತಾಸ ಹೇಳ್ರಿ."