ಚಕ್ರ ಬಿಚ್ಚಿದ ಮೆರೆಸೀನಿ

ಲೌಟೋಕ ಪಟ್ಟಣದ ಸಕ್ಕರೆ ಕಾರ್ಖಾನೆಯ ಹಿಂದಿನ ರಸ್ತೆಯಲ್ಲಿ ಮೆರೆಸೀನಿಯ ಗ್ಯಾರೇಜು. ಅಪಘಾತದಲ್ಲಿ ನುಜ್ಜುಗುಜ್ಜಾದ ಕಾರುಗಳ ತಗಡು ಬಡಿದು, ಬಣ್ಣ ಹೊಡೆಯುವುದು ಅವಳ ಕಸುಬು. ಗಂಡ ಕಲಿಸಿದ್ದು, ಅವನು ತೀರಿಕೊಂಡ ಮೇಲೆ ಅವನಿಗಿಂತ ಚೆನ್ನಾಗಿ ಮಾಡಿದಳು. ಎದುರಿನ ಟೈರ್ ಅಂಗಡಿ ನನ್ನದು, ಎಲ್ಲವನ್ನೂ ಕಣ್ಣಾರೆ ಕಂಡಿದ್ದೇನೆ.

ಆ ವರ್ಷ ರಾಜಧಾನಿ ಸುವಾದ ಒಂದು ವಿಮಾ ಕಂಪನಿ ದಿವಾಳಿಯೆದ್ದಿತು. ಅದರ ಮಾತು ನಂಬಿ ಮೆರೆಸೀನಿ ರಿಪೇರಿ ಮಾಡಿದ್ದ ನಾಲ್ಕು ಕಾರು ಅಂಗಳದಲ್ಲಿದ್ದವು. ಅವುಗಳಲ್ಲಿ ಮೂರು ಆ ಕಂಪನಿಯವೇ, ಹಳೆ ಮಾಲೀಕರಿಗೆ ಪರಿಹಾರ ಕೊಟ್ಟು ತಾನೇ ಇಟ್ಟುಕೊಂಡಿತ್ತು. ನಾಲ್ಕನೆಯದು ಬಿಸುನ್‌ದೇವನ ಟ್ಯಾಕ್ಸಿ. ಅದರ ಖರ್ಚನ್ನೂ ಕಂಪನಿಯೇ ಕೊಡಬೇಕಿತ್ತು.

ಕಂಪನಿಯ ಆಸ್ತಿ ಮಾರಿ, ಹಣ ಬರಬೇಕಾದವರಿಗೆಲ್ಲ ಹಂಚಲು ಕೋರ್ಟು ನೇಮಿಸಿದ್ದ ಅಧಿಕಾರಿ ವಿಲಿಯಮೆ, ಕಾರುಗಳನ್ನು ಒಯ್ಯಲು ಲಾರಿ ತಂದ.

"ಮೂರೂ ಹರಾಜಿಗೆ ಹೋಗ್ಬೇಕಮ್ಮ. ನಿಮ್ಮ ಬಿಲ್ಲು ಈ ಅರ್ಜೀಲಿ ಬರೀರಿ, ಎಲ್ಲರ ಜತೆ ಪಾಲು ಬರತ್ತೆ."

"ಎಷ್ಟು?"

"ಈಗಲೇ ಹೇಳಕ್ಕಾಗಲ್ಲ."

"ಹಾಗಾದ್ರೆ ಕಾರೂ ಕೊಡಕ್ಕಾಗಲ್ಲ. ಕೂಲಿ ಕೊಟ್ಟು ತಗೊಂಡ್ಹೋಗಿ."

"ನಾಳೆ ಪೊಲೀಸ್ ಕರ್ಕೊಂಡು ಬರ್ತೀನಿ."

"ಬನ್ನಿ. ತಳ್ಳೋಕೆ ಜನ ಬೇಕಲ್ಲ!"

ಅವನು ಹೋದದ್ದೇ ತಡ, ಹನ್ನೆರಡೂ ಚಕ್ರ ಬಿಚ್ಚಿ ಅಡುಗೆಮನೆಯಲ್ಲಿ ಪೇರಿಸಿದಳು. ಕಾರುಗಳು ಮರದ ದಿಮ್ಮಿಗಳ ಮೇಲೆ ಕೂತವು. ಮರುದಿನ ವಿಲಿಯಮೆಯ ಜತೆ ಬಂದ ಪೊಲೀಸಿನವ ನೋಡಿ ನಕ್ಕುಬಿಟ್ಟ. "ಇದು ಕೋರ್ಟಲ್ಲಿ ತೀರ್ಬೇಕಾದ ಜಗಳ ಸಾರ್" ಎಂದು ಹೊರಟ.

ಬಿಸುನ್‌ದೇವ ಗೇಟಿನ ಬಳಿ ಹೆದರಿ ನಿಂತಿದ್ದ. "ಅಕ್ಕ, ನನ್ಹತ್ರ ದುಡ್ಡಿಲ್ಲ."

"ನಿನ್ನ ಕೇಳಿದ್ನಾ? ನಾಮ ಹಾಕಿದ್ದು ಕಂಪನಿ. ಗಾಡಿ ತಗೊಂಡು ಹೋಗಿ ದುಡಿ."

"ಅದನ್ನೂ ಹಿಡ್ಕೊಂಡಿದ್ರೆ ನಿನ್ನ ಕೈ ಗಟ್ಟಿಯಾಗ್ತಿತ್ತು" ಎಂದೆ ನಾನು. ದುರುಗುಟ್ಟಿ ನೋಡಿದಳು. "ಅವನ ಹೊಟ್ಟೆ ಮೇಲೆ ಹೊಡೆದು ಗೆಲ್ಬೇಕಾ?"

ಮೂರು ತಿಂಗಳು ಕೋರ್ಟಿಗೆ ಅಲೆದಳು. ವಕೀಲರಿಲ್ಲ, ಬಿಲ್ಲುಗಳ ಕಟ್ಟೊಂದೇ. ಕೂಲಿ ಸಿಗುವವರೆಗೆ ರಿಪೇರಿ ಮಾಡಿದವಳು ಕಾರು ಬಿಟ್ಟುಕೊಡಬೇಕಿಲ್ಲ ಎಂದರು ನ್ಯಾಯಾಧೀಶರು. ವಿಲಿಯಮೆ ಮೂರು ಕಾರಿನ ಕೂಲಿ ಪೂರ್ತಿ ಎಣಿಸಿಕೊಟ್ಟ. ಆಮೇಲೇ ಚಕ್ರ ಹೊರಬಂದವು.

ಬಿಟ್ಟುಕೊಟ್ಟ ಟ್ಯಾಕ್ಸಿಯ ಬಿಲ್ಲಿಗೆ ಮಾತ್ರ ಎಲ್ಲರಂತೆ ಕಾಯಬೇಕಾಯಿತು. ಎರಡು ವರ್ಷದ ಮೇಲೆ ಡಾಲರಿಗೆ ಹನ್ನೊಂದು ಸೆಂಟಿನಂತೆ ಬಂತು. ವಿಲಿಯಮೆ ಸಹಿಗೆ ತಂದ ರಸೀದಿಯಲ್ಲಿ "ಲೆಕ್ಕ ಚುಕ್ತಾ" ಎಂದು ಅಚ್ಚಾಗಿತ್ತು. ಅವಳು ಅದನ್ನು ಹೊಡೆದುಹಾಕಿ, "ಇನ್ನೂ ಬಾಕಿ ಇದೆ" ಎಂದು ಬರೆದು ಸಹಿ ಹಾಕಿದಳು.

"ಹಾಗೆಲ್ಲ ಬರೆಯೋ ಹಾಗಿಲ್ಲಮ್ಮ."

"ಬರೆದಾಯ್ತಲ್ಲ" ಎಂದು ಪೆನ್ನನ್ನು ಅವನ ಕೈಗೇ ಕೊಟ್ಟಳು.