ಆಟಕ್ಕೆ ಕರೆಯಲು ಬಂದ ಬೀಗರು

ಬನ್ನೂರಿನ ಕರಿಯಪ್ಪ ಲೈನ್‌ಮನ್ ಆಗಿ ಜೀವಮಾನವೆಲ್ಲ ಕಂಬ ಹತ್ತಿ ಇಳಿದವನು. ಗಾಳಿಯಲ್ಲಿ ಹತ್ತಿದ, ಮಳೆಯಲ್ಲಿ ಹತ್ತಿದ, ಒಮ್ಮೆಯೂ ಬೀಳಲಿಲ್ಲ. ನಿವೃತ್ತನಾದ ಮೇಲೆ ಸ್ವಂತ ಮನೆಯ ಬಚ್ಚಲಲ್ಲಿ ಜಾರಿ ಬಲಗಾಲು ಮುರಿದುಕೊಂಡ. ಕಾಲಿಗೆ ಪಟ್ಟಿ ಹಾಕಿಸಿಕೊಂಡು ಕೂತವನು ಸುಮ್ಮನೆ ಕೂರಬೇಕಲ್ಲ? ಒಗ್ಗರಣೆಗೆ ಸಾಸಿವೆ ಹೆಚ್ಚಾಯಿತು, ಪೊರಕೆ ಬಾಗಿಲ ಹಿಂದೆ ಸರಿಯಾಗಿ ನಿಂತಿಲ್ಲ ಎಂದು ದಿನಕ್ಕೊಂದು ತಗಾದೆ ತೆಗೆದ. ಹೆಂಡತಿ ಗುರುಸಿದ್ದಮ್ಮ ತಾಳಿ ತಾಳಿ ಸಾಕಾಗಿ, ನಂಜನಗೂಡಿನಲ್ಲಿದ್ದ ಅಳಿಯನಿಗೆ ಫೋನ್ ಮಾಡಿದಳು.

"ನಿಮ್ ಮಾವುನ್ ಬಾಯಿ ಮುಚ್ಸೋಕೆ ಏನಾರ ತಂದಾಕಪ್ಪಾ, ನಿನ್ ದಮ್ಮಯ್ಯ."

ಅಳಿಯ ಮಹೇಂದ್ರ ಫ್ಯಾಕ್ಟರಿ ನೌಕರ. ಆಗಷ್ಟೇ ಹೊಸ ಗೇಮಿಂಗ್ ಕನ್ಸೋಲ್ ಕೊಂಡಿದ್ದ. ಹಳೆಯದನ್ನು ತಂದು ಮಾವನ ಟಿ.ವಿ.ಗೆ ಸಿಕ್ಕಿಸಿ, ಕೈಗೆ ಕಂಟ್ರೋಲರ್ ಕೊಟ್ಟು, ಕಿವಿಗೆ ಹೆಡ್‌ಸೆಟ್ ಏರಿಸಿ, ಬಂದೂಕಿನ ಆಟ ಹಚ್ಚಿಕೊಟ್ಟು ಹೋದ. ಅಂದಿನಿಂದ ಸಾಸಿವೆಯ ಸುದ್ದಿ ನಿಂತಿತು. ಕರಿಯಪ್ಪ ಸೋಫಾದ ಮೇಲೆ ಕಾಲು ಚಾಚಿಕೊಂಡು, ಕಂಡು ಕೇಳದ ದೇಶಗಳ ಜನರನ್ನು ಸುಡುತ್ತ, ಅವರಿಂದ ಸುಡಿಸಿಕೊಳ್ಳುತ್ತ ಸುಖವಾಗಿದ್ದ. ಕಾಲು ಕೂಡಿ ಓಡಾಡುವಂತಾದ ಮೇಲೂ ಸೋಫಾ ಬಿಡಲಿಲ್ಲ.

ಯಾವ ಕೆಲಸ ಹಿಡಿದರೂ ಅದರ ಮೇಲೊಂದು ಸಿದ್ಧಾಂತ ಕಟ್ಟುವುದು ಅವನ ಹುಟ್ಟುಗುಣ. ಇದರ ಮೇಲೂ ಕಟ್ಟಿದ.

"ನೋಡಿ ಅಳೀಮಯ್ಯ, ಆನ್‌ಲೈನ್ ಮಲ್ಟಿಪ್ಲೇಯರ್ ಅಂದ್ರೆ ಸಂತೆ. ಯಾವನೋ ಬತ್ತಾನೆ, ಒಡೀತಾನೆ, ಓಯ್ತಾನೆ. ಅವ್ನಿಗೆ ನಾನ್ಯಾರೋ, ನಂಗೆ ಅವ್ನ್ಯಾರೋ. ಬೇಜಾರಿಲ್ಲ. ಕೋ-ಆಪ್ ಅಂಗಲ್ಲ. ಇಬ್ರೂ ಒಂದೇ ಕಡೆ. ನಾ ಬಿದ್ರೆ ಅವ್ನು ಎಬ್ಬಿಸ್ಬೇಕು, ಅವ್ನು ಬಿದ್ರೆ ನಾನು. ಅದು ಸಂಬಂಧ. ಸಂಬಂಧ ಅಂದ್ಮ್ಯಾಕೆ ಮಾನ ಮರ್ಯಾದೆ ಬತ್ತದೆ. ಗೊತ್ತಿಲ್ದೋನು ಸುಟ್ರೆ ಆಟ, ನೆಂಟ ಸುಟ್ರೆ ವ್ಯಾಜ್ಯ."

ಹಾಗಾಗಿ ಕರಿಯಪ್ಪ ಕೋ-ಆಪ್ ತಂಟೆಗೇ ಹೋಗುತ್ತಿರಲಿಲ್ಲ. ಮಹೇಂದ್ರ ತಲೆಯಾಡಿಸಿದ. ಮಾವ ಯಾವ ವ್ಯಾಜ್ಯದ ಮಾತಾಡುತ್ತಿದ್ದಾನೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು.

ಮಗಳು ಶಾಂತಿಯ ಮದುವೆಯಾದ ವಾರಕ್ಕೆ ನಂಜನಗೂಡಿನಲ್ಲಿ ಗಂಡಿನ ಕಡೆಯವರು ಬೀಗರೂಟ ಇಟ್ಟಿದ್ದರು. ಮಹೇಂದ್ರನ ಅಪ್ಪ ದೊಡ್ಡಸಿದ್ದಯ್ಯ, ರೇಷ್ಮೆ ಇಲಾಖೆಯಲ್ಲಿ ಗುಮಾಸ್ತನಾಗಿದ್ದವನು, ಊರಿಗೆ ಊರನ್ನೇ ಕರೆದಿದ್ದ. ಹೆಣ್ಣಿನ ಅಪ್ಪ ತಾನಾಗಿ ಹೋಗಿ ಎಲೆಯ ಮುಂದೆ ಕೂರುವಂತಿಲ್ಲ. ಬೀಗ ಬಂದು ಕೈ ಹಿಡಿದು "ಏಳಿ ಬೀಗರೇ, ಊಟಕ್ಕೆ" ಎನ್ನಬೇಕು. ಕರಿಯಪ್ಪ ಶಾಮಿಯಾನದ ಕೆಳಗೆ ಕುರ್ಚಿಯಲ್ಲಿ ಕಾದ. ಪಂಕ್ತಿಗಳು ಎದ್ದವು, ಕೂತವು, ಎದ್ದವು. ಮಾಂಸದ ಸಾರಿನ ಘಮ ಮೂಗಿಗೆ ಬಡಿಯಿತು. ದೊಡ್ಡಸಿದ್ದಯ್ಯ ಬಕೆಟ್ ಹಿಡಿದವರ ಹಿಂದೆ ಓಡಾಡುತ್ತಿದ್ದನೇ ಹೊರತು ಇತ್ತ ತಲೆ ಹಾಕಲಿಲ್ಲ. ಕರಿಯಪ್ಪ ಖಾಲಿ ಹೊಟ್ಟೆಯಲ್ಲಿ ಎದ್ದು ಬಸ್ ಹತ್ತಿದ. ನಮ್ಮನೆ ಅನ್ನ ಬಿಟ್ಟು ಎದ್ದುಹೋದ ಎಂದು ದೊಡ್ಡಸಿದ್ದಯ್ಯನೂ ಮುನಿದ. ಅಲ್ಲಿಗೆ ಇಬ್ಬರ ಮಾತೂ ನಿಂತಿತು.

ಈಗ ಶಾಂತಿ ಬಸುರಿ, ಏಳು ತಿಂಗಳು ತುಂಬಿತ್ತು. ಚೊಚ್ಚಲು ಬಾಣಂತನ ತವರಿನಲ್ಲಾಗಬೇಕು. ಅಪ್ಪ ಅಮ್ಮ ಹೋಗಿ, ಮಡಿಲು ತುಂಬಿ, ಬೀಗರನ್ನು ಕೇಳಿ ಕರೆತರಬೇಕು. ಕರಿಯಪ್ಪ ಕರೆಯದ ಮನೆಗೆ ಹೋಗುವುದಿಲ್ಲ. ದೊಡ್ಡಸಿದ್ದಯ್ಯ ಕರೆಯುವುದಿಲ್ಲ. ಶಾಂತಿ ಫೋನಿನಲ್ಲಿ "ಅಪ್ಪಾ, ನನ್ ಬಾಣಂತನ ಇಲ್ಲೇ ಆಗ್ಬೇಕಾ?" ಎಂದು ಕೇಳಿದ ದಿನ ಕರಿಯಪ್ಪ ಕಂಟ್ರೋಲರ್ ಮುಟ್ಟಲಿಲ್ಲ. ಇರುವವಳು ಒಬ್ಬಳೇ ಮಗಳು. ಆದರೂ ಹಠ ಬಿಡಲಿಲ್ಲ, ಹಠಕ್ಕೇನು ಹೊಟ್ಟೆಯೇ, ಕರುಳೇ?

ಅತ್ತ ನಂಜನಗೂಡಿನಲ್ಲಿ ದೊಡ್ಡಸಿದ್ದಯ್ಯನೂ ಮಗನ ಹೊಸ ಕನ್ಸೋಲಿಗೆ ಅಂಟಿಕೊಂಡು ಕೂತಿದ್ದ. ಅವನದು ಕೋ-ಆಪ್ ಆಟ. ಅದರಲ್ಲೊಂದು ಗೇಟು. ಇಬ್ಬರು ನಿಂತು ಎರಡು ಸನ್ನೆಗೋಲನ್ನು ಒಟ್ಟಿಗೆ ಎಳೆದರೆ ಮಾತ್ರ ತೆರೆಯುವಂಥದ್ದು. ಆನ್‌ಲೈನಿನಲ್ಲಿ ಸಿಕ್ಕ ಜೊತೆಗಾರರೆಲ್ಲ ಗೇಟಿನ ಬುಡದಲ್ಲಿ ಕೈಕೊಟ್ಟು ಓಡಿಹೋಗುತ್ತಿದ್ದರು. ಮುದುಕನಿಗೆ ನಿದ್ದೆ ಹಾರಿತು. ಮಹೇಂದ್ರ ಶಿಫ್ಟಿನ ನೆಪ ಹೇಳಿ ತಪ್ಪಿಸಿಕೊಂಡು, ಮೆಲ್ಲಗೆ ಒಂದು ಮಾತು ಬಿಟ್ಟ.

"ಅಪ್ಪಾ, ಬನ್ನೂರು ಮಾವನ ಕೈ ಬೋ ಗಟ್ಟಿ. ಕೊನೇಗಂಟ ನಿಂತ್ಕತಾರೆ."

ಸೊಸೆಯ ಬಾಣಂತನಕ್ಕಾಗಿ ಬಗ್ಗದ ಮನುಷ್ಯ ಒಂದು ಗೇಟಿಗಾಗಿ ಬಗ್ಗಿದ. ಕರಿಯಪ್ಪನ ಟಿ.ವಿ.ಯಲ್ಲಿ ಬೀಗರ ಹೆಸರು ಹೊತ್ತ ಆಹ್ವಾನವೊಂದು ಮೂಡಿತು. ಕರಿಯಪ್ಪ ಅದನ್ನು ಓದಿ ಕೆಂಡವಾದ.

"ಟಿವೀಲಿ ಕರೀತಾರಾ ಬೀಗರ್ನ? ಮನೆಗ್ ಬಂದು ಎಲೆ ಅಡಿಕೆ ಕೊಟ್ಟು ಕರೀಲಿ, ಆಮ್ಯಾಕೆ ಒತ್ತೋದು ಬಟನ್ನು."

ಆಡಿದ ಮಾತು ಮಹೇಂದ್ರನ ಮೂಲಕ ನಂಜನಗೂಡು ಮುಟ್ಟಿತು. ಮುಂದಿನ ಭಾನುವಾರ ಬೆಳಗ್ಗೆ ದೊಡ್ಡಸಿದ್ದಯ್ಯ ಇಸ್ತ್ರಿ ಮಾಡಿದ ಪಂಚೆ ಉಟ್ಟು, ನರಸೀಪುರದಲ್ಲಿ ಬಸ್ ಬದಲಿಸಿ, ಬನ್ನೂರಿಗೆ ಬಂದಿಳಿದ. ತಟ್ಟೆಯಲ್ಲಿ ಎಲೆ, ಅಡಿಕೆ, ಬಾಳೆಹಣ್ಣು, ತೆಂಗಿನಕಾಯಿ. ಜಗುಲಿಯ ಮೇಲೆ ಕೂತು ಗಂಟಲು ಸರಿಮಾಡಿಕೊಂಡ.

"ಇವತ್ತು ಮದ್ಯಾನ ನಮ್ಮನೇಲಿ ಆಟ ಮಡಗಿದ್ದೀವಿ. ಮನೆಯೋರೆಲ್ಲ ಬಂದು ನಡೆಸ್ಕೊಡ್ಬೇಕು."

"ಆಗ್ಲಿ," ಎಂದು ಕರಿಯಪ್ಪ ಎರಡೂ ಕೈಯಲ್ಲಿ ತಟ್ಟೆ ತೆಗೆದುಕೊಂಡ.

ಗುರುಸಿದ್ದಮ್ಮ ನೀರು ಕೊಟ್ಟು, ಇಬ್ಬರನ್ನೂ ಸರದಿಯಾಗಿ ನೋಡಿದಳು. "ಇಬ್ರೂ ಇಲ್ಲೇ ಇದ್ದೀರಲ್ಲ, ಇಲ್ಲೇ ಕುಂತು ಆಡ್ಬುಡಿ. ಇನ್ನೊಂದು ರಿಮೋಟೂ ಅದೆ."

ಇಬ್ಬರು ಗಂಡಸರೂ ಬೆಚ್ಚಿಬಿದ್ದರು. ಕರೆದಿರುವುದು ನಂಜನಗೂಡಿನ ಮನೆಯ ಆಟಕ್ಕೆ. ಬನ್ನೂರಿನಲ್ಲಿ ಕೂತು ಆಡಿದರೆ ಅದು ಬನ್ನೂರಿನ ಆಟವಾಗುವುದಿಲ್ಲವೇ? ಕರೆದವನೇ ಅತಿಥಿಯಾಗುವುದಿಲ್ಲವೇ? ಈ ಹೆಂಗಸಿಗೆ ತಿಳಿವಳಿಕೆ ಸಾಲದು ಎಂದು ಬೀಗರು ಆ ಒಂದು ಮಾತಿನಲ್ಲಿ ಒಂದಾದರು. ದೊಡ್ಡಸಿದ್ದಯ್ಯ ಬರಲಿರುವ ಬೀಗರನ್ನು ಟಿ.ವಿ.ಯಲ್ಲಿ ಎದುರುಗೊಳ್ಳಲು ಮತ್ತೆ ಎರಡು ಬಸ್ ಹಿಡಿದು ನಂಜನಗೂಡಿಗೆ ಓಡಿದ. ಗುರುಸಿದ್ದಮ್ಮ ಹಣೆ ಹಣೆ ಚಚ್ಚಿಕೊಂಡಳು.

ಮಧ್ಯಾಹ್ನ ಕರಿಯಪ್ಪ ಸ್ನಾನ ಮಾಡಿ, ಬಿಳಿ ಅಂಗಿ ತೊಟ್ಟು, ಹೆಡ್‌ಸೆಟ್ ಏರಿಸಿ ಬಟನ್ ಒತ್ತಿದ.

"ಬನ್ನಿ ಬೀಗ್ರೆ, ಬನ್ನಿ," ಎಂದಿತು ಕಿವಿಯಲ್ಲಿ ದೊಡ್ಡಸಿದ್ದಯ್ಯನ ದನಿ.

ಸಂತೆಯಲ್ಲಿ ಹುಲಿಯಂತಿದ್ದ ಕರಿಯಪ್ಪ ಇಲ್ಲಿ ಇಲಿಯಾದ. ಮೊದಲ ಬಾಗಿಲಲ್ಲೇ "ನೀವು ಮುಂದೆ ನಡೀರಿ" ಎಂದ. "ಉಂಟಾ? ನೀವು ನಡೀರಿ" ಎಂದ ದೊಡ್ಡಸಿದ್ದಯ್ಯ. ಹೀಗೆ ಉಪಚಾರ ನಡೆಯುತ್ತಿರುವಾಗ ಒಳಗಿನಿಂದ ಶತ್ರುಗಳು ಬಂದು ಇಬ್ಬರನ್ನೂ ಸುಟ್ಟರು. ಎರಡನೆಯ ಸಲ ಔಷಧಿಯ ಪೆಟ್ಟಿಗೆ ಸಿಕ್ಕಿತು. ಇಬ್ಬರ ಮೈಯಿಂದಲೂ ರಕ್ತ ಸುರಿಯುತ್ತಿತ್ತು. "ನಂಗಿರ್ಲಿ, ನೀವು ತಗಳಿ." "ಚೆಂದಾಗದೆ, ನಮ್ಮನೆಗ್ ಬಂದೋರು ನೀವು." ಪೆಟ್ಟಿಗೆ ಅಲ್ಲೇ ಉಳಿಯಿತು, ಬೀಗರಿಬ್ಬರೂ ಸತ್ತರು. ಹೊಸ್ತಿಲ ಬಳಿ ನಿಂತಿದ್ದ ಗುರುಸಿದ್ದಮ್ಮ, ಕೋ-ಆಪ್ ಎಂದರೆ ಹೀಗೆ ಒಬ್ಬರಿಗೊಬ್ಬರು ಮರ್ಯಾದೆ ಕೊಟ್ಟು ಸಾಯುವ ಆಟ ಎಂದೇ ತಿಳಿದಳು.

ಕೊನೆಗೆ ಹೇಗೋ ಗೇಟಿನ ಮುಂದೆ ಬಂದರು. ಅಷ್ಟರಲ್ಲಿ ಎಲ್ಲಿಂದಲೋ ಬಂದ ಗುಂಡು ತಗುಲಿ ಕರಿಯಪ್ಪ ನೆಲಕ್ಕುರುಳಿದ. ಪರದೆಯ ಮೇಲೆ ಅವನ ಉಸಿರಿನ ಕೆಂಪು ಪಟ್ಟಿ ಸವೆಯತೊಡಗಿತು. ಅದು ಮುಗಿಯುವುದರೊಳಗೆ ಜೊತೆಗಾರ ಬಂದು ಎಬ್ಬಿಸಬೇಕು. ದೊಡ್ಡಸಿದ್ದಯ್ಯ ಗುಂಡು ಹಾರಿಸಿದವನನ್ನು ಮುಗಿಸಿ, ಓಡಿ ಬಂದು, ಪಕ್ಕದಲ್ಲಿ ಸುಮ್ಮನೆ ನಿಂತ.

"ಎಬ್ಬಿಸ್ರಿ ಬೀಗ್ರೆ!"

"ಎಬ್ಬಿಸ್ತೀನಿ. ಮೊದ್ಲು ಒಂದ್ಮಾತು ಏಳ್ಬುಡಿ. ಅವತ್ತು ನಮ್ಮನೇಲಿ ಉಣ್ದೆ ಯಾಕೆ ಎದ್ದೋದ್ರಿ?"

ಕೆಂಪು ಪಟ್ಟಿ ಅರ್ಧಕ್ಕಿಳಿಯಿತು. ಎದುರಿಗೆ ನಿಂತು ಕೇಳಿದ್ದರೆ ಕರಿಯಪ್ಪ ಇನ್ನೊಂದು ಜಗಳ ತೆಗೆಯುತ್ತಿದ್ದ. ನೆಲದ ಮೇಲೆ ಬಿದ್ದವನಿಗೆ ಜಗಳಾಡಲು ಪುರುಸೊತ್ತಿರಲಿಲ್ಲ.

"ನೀವು ಕರೀಲಿಲ್ಲ ಕಣ್ರೀ. ಎಲ್ರೂ ಉಂಡ್ರು. ನಾನು ಎಣ್ಣಿನ ಅಪ್ಪ, ಕಾದೆ. ಒಟ್ಟೆ ಅಸ್ದು ಕಣ್ ಕತ್ಲೆ ಬತ್ತಿತ್ತು. ಬಸ್ಸಲ್ಲಿ ಕುಂತು ಅತ್ಬುಟ್ಟೆ."

ಆ ಕಡೆಯಿಂದ ದೊಡ್ಡಸಿದ್ದಯ್ಯನ ದನಿ ಒಡೆದು ಬಂತು.

"ನಮ್ಮಿಬ್ರಿಗೂ ಒಳಗೆ ಬ್ಯಾರೆ ಎಲೆ ಆಕ್ಸಿದ್ದೆ. ಜನ ಕಳೀಲಿ, ಬೀಗ್ರ ಜೊತೆ ನಿಧಾನಕ್ಕೆ ಕುಂತ್ಕಂಡು ಉಣ್ಣಾನ ಅಂತ. ಕರೆಯಾಕ್ ಬಂದ್ರೆ ಕುರ್ಚಿ ಖಾಲಿ. ಅವತ್ತು ನಾನೂ ಉಣ್ಲಿಲ್ಲ ಬೀಗ್ರೆ."

ಪಟ್ಟಿ ಮುಗಿದು ಕರಿಯಪ್ಪ ಸತ್ತದ್ದನ್ನು ಇಬ್ಬರೂ ಗಮನಿಸಲಿಲ್ಲ. ಕರಿಯಪ್ಪ ಕಣ್ಣೊರೆಸಿಕೊಂಡ. ನಾಚಿಕೆಯಾಯಿತು. ಇಷ್ಟು ದಿನ ಮಗಳನ್ನು ಇದಕ್ಕಾ ಅಳಿಸಿದ್ದು ಎನ್ನಿಸಿತು.

"ಬೀಗ್ರೆ, ನಾನೂ ನಮ್ಮೋಳೂ ನಾಳೆ ಬತ್ತೀವಿ. ಮಗೀಗೆ ಮಡ್ಲು ತುಂಬಿ ಕರ್ಕಂಡ್ ಬತ್ತೀವಿ. ಊಟಕ್ಕೆ ನಂಗೂ ಒಂದೆಲೆ ಆಕ್ಸಿ."

ಕರೆಯದೆ ಯಾರ ಮನೆಯ ನೀರನ್ನೂ ಮುಟ್ಟದ ಗಂಡ ಬಾಯಿಬಿಟ್ಟು ಅನ್ನ ಕೇಳಿದ್ದನ್ನು ಕಂಡು ಗುರುಸಿದ್ದಮ್ಮ ಹೊಸ್ತಿಲ ಮೇಲೆ ಕುಸಿದು ಕೂತು ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

"ಬನ್ನಿ," ಎಂದ ದೊಡ್ಡಸಿದ್ದಯ್ಯ. "ನೀವು ಬರೋಗಂಟ ನಾನು ಉಣ್ಣಾಕಿಲ್ಲ."